ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೋಟಾರು

ನಾನು ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಒಮ್ಮೆ ಹೇಳಿ ಸುಮ್ಮನಾಗಲಿಲ್ಲ. ಹಳಿಯಾಳದ ನಮ್ಮ ಓಣಿಯಲ್ಲಿ ಯಾರು ಎದುರಿಗೆ ಸಿಕ್ಕರೂ ಹೇಳುತ್ತಿದ್ದಳು.

“ಹೆಣ್ಣಹುಡುಗಿ ಬಿ.ಎ. ಆಗೂದಂದ್ರ ಕತ್ತಿಗೆ ಕೋಡ ಮೂಡಿದಂಗ. ನಮ್ಮ ಮನಿತನದಾಗ ಗಂಡಸರ ಹೆಬ್ಬಟ್ಟ ಒತ್ತತಾರ, ಈಕಿ ಏನ ಕಿಸೀತಾಳ?”

ಕತ್ತೆಗೆ ಕೋಡು ಎನ್ನುವ ಈ ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ಮಳೆ ಬರುವುದಿಲ್ಲ, ಎಮ್ಮೆ ಈಯುವುದಿಲ್ಲ ಎಂದು ಹೇಳುವ ಹಾಗೆ ಹೇಳುತ್ತಿದ್ದಳು. ನಾನು ಧಾರವಾಡದ ಹಾಸ್ಟೆಲ್ಲಿಗೆ ಹೊರಟಾಗಲೆಲ್ಲ ಅದೇ ಬಾಯಿಂದ “ಕತ್ತಿ ಹೊಂಟೈತಿ ನೋಡ್ರಿ ಕೋಡ ತರಾಕ” ಎಂದು ನಗುತ್ತ, ಅದೇ ಕೈಯಿಂದ ನನ್ನ ಟ್ರಂಕಿನಲ್ಲಿ ಶೇಂಗಾದ ಉಂಡೆಯ ಡಬ್ಬಿ ತುರುಕುತ್ತಿದ್ದಳು. ಅವ್ವ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ಮನೆಯಲ್ಲಿ ನಾವು ಮೂರೇ ಜನ. ಆಯಿ, ಅಪ್ಪ, ನಾನು.

ಅಪ್ಪ ಡ್ರೈವರ್ ಆಗಿದ್ದ. ದಾಂಡೇಲಿಯಲ್ಲಿ ಕಟ್ಟಿಗೆಯ ಡಿಪೋ ಇದ್ದ ಒಬ್ಬ ಕಂತ್ರಾಟದಾರರ ಮೋಟಾರು ನಡೆಸುತ್ತಿದ್ದ. ಅವರ ಮನೆ ನಮ್ಮ ಹಳಿಯಾಳದಲ್ಲೇ ಇತ್ತು, ಊರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತಿತ್ತು. ಸೂಪಾ, ಜೋಯಿಡಾದ ಕಾಡುಗಳಲ್ಲಿ ಅವರ ಮರ ಕಡಿತ ನಡೆಯುತ್ತಿತ್ತು. ಒಮ್ಮೊಮ್ಮೆ ಅನಮೋಡದವರೆಗೂ ಅಪ್ಪ ಗಾಡಿ ಒಯ್ಯಬೇಕಾಗುತ್ತಿತ್ತು. ಆ ಗಾಡಿಯ ಬಣ್ಣ ಹಳೆಯ ತೇಗದೆಲೆಯ ಹಸಿರು. ಸಾವಕಾರ್ರು ಕೆಟ್ಟ ಮನುಷ್ಯರಲ್ಲ. ಆದರೆ ಗಾಡಿಯ ಮಾತು ಬಂದರೆ ಬೇರೆಯೇ ಮನುಷ್ಯ. ಅಪ್ಪನಿಗಿಂತ ಮುಂಚೆ ಇದ್ದ ಡ್ರೈವರನನ್ನು, ಸೂಪಾ ರಸ್ತೆಯಲ್ಲಿ ಬಿದಿರಿನ ಟೊಂಗೆಯೊಂದು ಮಡ್‌ಗಾರ್ಡಿಗೆ ಗೀರಿದ್ದಕ್ಕೆ, ಅಂದೇ ಕೆಲಸದಿಂದ ಬಿಡಿಸಿದ್ದರು. ಆ ಮನುಷ್ಯ ಆಮೇಲೆ ಮುಂಡಗೋಡದ ಕಡೆ ಚಕ್ಕಡಿ ಹೊಡೆಯುತ್ತಿದ್ದನಂತೆ. ಅಪ್ಪ ಅವನ ಸುದ್ದಿಯನ್ನು ನಮಗೆ ಆಗಾಗ ಹೇಳುತ್ತಿದ್ದ, ಹೇಳಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಆ ಕೆಲಸದ ಮೇಲೆ ನನ್ನ ಕಾಲೇಜು ನಿಂತಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅಪ್ಪನ ಪಗಾರ ನಿಂತರೆ ಹಾಸ್ಟೆಲ್ ನಿಲ್ಲುತ್ತದೆ, ಹಾಸ್ಟೆಲ್ ನಿಂತರೆ ಬಿ.ಎ. ನಿಲ್ಲುತ್ತದೆ. ನನಗೆ ಕೊನೆಯ ವರ್ಷ ನಡೆದಿತ್ತು.

ಯುದ್ಧದ ಕಾಲ. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು. ಸರ್ವಿಸ್ ಬಸ್ಸುಗಳು ಹಿಂದೆ ಇದ್ದಲಿಯ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಸಾವಕಾರ್ರ ಗಾಡಿ ತಿಂಗಳಲ್ಲಿ ಹೆಚ್ಚು ದಿನ ನಿಂತೇ ಇರುತ್ತಿತ್ತು. ಆ ದಸರೆಗೆ ಸಾವಕಾರ್ರು ಮನೆಮಂದಿಯೊಂದಿಗೆ ಮುಂಬೈಗೆ ಹೋಗಿದ್ದರು. ಗಾಡಿಯನ್ನು ನಿನ್ನ ಮನೆಯ ಮುಂದೆಯೇ ಇಟ್ಟುಕೋ, ಖಂಡೆಪೂಜೆ ಅಲ್ಲಿಯೇ ಮಾಡು ಎಂದು ಅಪ್ಪನಿಗೆ ಹೇಳಿದ್ದರು. ಬನ್ನಿ ಹಬ್ಬವಾದ ಎರಡನೆಯ ದಿನ ಅವರು ಬೆಳಗಿನ ರೈಲಿಗೆ ಅಳ್ನಾವರದಲ್ಲಿ ಇಳಿಯುವವರಿದ್ದರು. ಅದೇ ರೈಲಿಗೆ ನಾನು ಧಾರವಾಡಕ್ಕೆ ಹತ್ತಬೇಕು. ಅಪ್ಪನಿಗೆ ಇದು ಬಹಳ ಖುಷಿಯ ವಿಷಯವಾಗಿತ್ತು. ಮಗಳನ್ನು ಒಮ್ಮೆಯಾದರೂ ಮೋಟಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟಂತಾಗುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದ.

ಖಂಡೆಪೂಜೆಯ ದಿನ ನಮ್ಮ ಕಡೆ ಮನೆಯ ಆಯುಧಗಳನ್ನೆಲ್ಲ ತಿಕ್ಕಿ ತೊಳೆದು ಪೂಜೆ ಮಾಡುತ್ತಾರೆ. ಕುಡುಗೋಲು, ಕೊಡಲಿ, ಈಳಿಗೆ, ಬಾವಿಯ ಗಾಲಿ, ಯಾವುದನ್ನೂ ಬಿಡುವುದಿಲ್ಲ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ನಸುಕಿನಲ್ಲಿ ಹಿತ್ತಲಲ್ಲಿ ಕೂತು ಆಯಿ ಒಂದೊಂದನ್ನೇ ತಿಕ್ಕುತ್ತಿದ್ದರೆ, ತಾಮ್ರದ ಹಂಡೆ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಮೋಟಾರಿಗೆ ಮಾತ್ರ ಅವಳು ಯಾವತ್ತೂ ಕೈ ಹಚ್ಚಿದವಳಲ್ಲ. ಅದು ಮಂದಿಯ ಗಾಡಿ, ಅದರಲ್ಲಿ ಎಣ್ಣೆಯ ದೆವ್ವ ಕೂತಿದೆ ಎಂದು ದೂರ ಸರಿಯುತ್ತಿದ್ದಳು.

ಆ ದಿನ ಅಪ್ಪ ಬಾವಿಗೆ ಸ್ನಾನಕ್ಕೆ ಹೋಗಿದ್ದ. ನಾನು ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಹೊರಗಿನಿಂದ ಕರ್ ಕರ್ ಎಂದು ಸದ್ದು. ಹಂಡೆ ತಿಕ್ಕುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆಯಿಯ ಗೊಣಗಾಟ ಕೇಳಿಸಿತು.

“ಏನ ಹಾಳ ಲೋಹಾನೋ ಏನೋ. ತಿಕ್ಕಿದಷ್ಟೂ ಮಬ್ಬ ಆಗಾಕತ್ತೈತಿ.”

ಹೊರಗೆ ಬಂದು ನೋಡಿದರೆ ಆಯಿ ಮೋಟಾರಿನ ಮುಂದಿನ ಬಾಗಿಲಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ನಾರು, ಇನ್ನೊಂದು ಕೈಯಲ್ಲಿ ಬೂದಿಯ ಪರಾತ, ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು. ಬಾಗಿಲಿನ ಮೇಲೆ ಎರಡು ಗೇಣಿನಷ್ಟು ಜಾಗ ಹಸಿರು ಹೋಗಿ ಬೂದುಬಣ್ಣಕ್ಕೆ ತಿರುಗಿತ್ತು. ಅದರ ತುಂಬ ಸುತ್ತುಸುತ್ತಾಗಿ ಗೀರು.

“ಆಯೀ! ಏನ ಮಾಡಿದಿ!” ಎಂದು ಕೂಗಿಬಿಟ್ಟೆ.

“ಏನ ಮಾಡಿದ್ನಿ? ನಿನ್ನ ಸಾಲಿ ಕಲಸೂ ಗಾಡಿ ಅಲ್ಲೇನ ಇದು? ಮನಿ ಈಳಗಿ ತಿಕ್ಕೀನಿ, ಇದನ್ನ ತಿಕ್ಕಬಾರದೇನ?” ಎಂದು ಅವಳು ನನ್ನನ್ನೇ ದಬಾಯಿಸಿದಳು.

ಕತ್ತೆ, ಕೋಡು ಎಂದು ವರ್ಷಗಟ್ಟಲೆ ಆಡಿಕೊಂಡವಳು ಆ ಬೆಳಿಗ್ಗೆ ನನ್ನ ಕಲಿಕೆಗೆಂದು ಮೋಟಾರಿನ ಸೇವೆಗೆ ಕೂತಿದ್ದಳು. ಅದು ನನಗೆ ಅರ್ಥವಾಗಲು ಎಷ್ಟೋ ದಿನ ಬೇಕಾಯಿತು. ಅಂದು ಬಂದದ್ದು ಬರೀ ಸಿಟ್ಟು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಒದ್ದೆ ಧೋತರದಲ್ಲಿ ಬಂದು ನಿಂತ. ಬಾಗಿಲನ್ನು ನೋಡಿದ. ಆಯಿಯನ್ನು ನೋಡಿದ. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು ಗಟ್ಟಿಯಾಗಿ ಒತ್ತಿದ.

“ಸಾಕ ಬಿಡ ಯವ್ವಾ,” ಎಂದ ತಾಯಿಗೆ. “ಭಾಳ ಛಲೋ ಆತು. ಉಳದದ್ದ ನಾ ಮಾಡತೇನಿ. ನೀ ದೇವರ ಮುಂದ ದೀಪಾ ಹಚ್ಚ ಹೋಗು.”

ಆಯಿ ಒಳಗೆ ಹೋದ ಮೇಲೆ ಅಪ್ಪ ನನಗೆ ಹೇಳಿದ್ದು ಒಂದೇ ಮಾತು. “ಆಕಿಗೆ ಏನೂ ಅನಬ್ಯಾಡ. ನನ್ನ ಆಣಿ ಐತಿ.”

ಪೂಜೆ ಆಯಿತು. ಬಾನೆಟ್ಟಿನ ಮೇಲೆ ಅಪ್ಪ ವಿಭೂತಿಯ ಮೂರು ಪಟ್ಟೆ ಎಳೆದ, ಚಂಡುಹೂವಿನ ಮಾಲೆ ಹಾಕಿದ, ಕಾಯಿ ಒಡೆದ. ಹೋಳಿಗೆ ತಿಂದೆವು. ಎರಡನೆಯದನ್ನು ಹಾಕಿಸಿಕೊಂಡವಳು ಆಯಿಯೊಬ್ಬಳೇ.

ಊಟವಾದ ಕೂಡಲೇ ಅಪ್ಪ ಗಾಡಿಯನ್ನು ಹಿಂದೆ ಮುಂದೆ ಮಾಡಿ, ಕೆಟ್ಟ ಬಾಗಿಲು ನಮ್ಮ ಗೋಡೆಯ ಕಡೆ ಬರುವಂತೆ ಅಂಟಿಸಿ ನಿಲ್ಲಿಸಿದ. ಗೋಡೆಗೂ ಬಾಗಿಲಿಗೂ ನಡುವೆ ಒಬ್ಬರು ಕೂರುವಷ್ಟೇ ಜಾಗ. ಆಮೇಲೆ ಮಿಸ್ತ್ರಿ ಚಾಚಾನನ್ನು ಕರೆತಂದ. ಈತ ಹಳಿಯಾಳದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವನು, ಅಪ್ಪನ ಹಳೆಯ ಗೆಳೆಯ. ಇಬ್ಬರೂ ದಾಂಡೇಲಿಯಲ್ಲಿ ಒಂದೇ ಲಾರಿಯ ಮೇಲೆ ಕ್ಲೀನರಾಗಿ ಶುರುಮಾಡಿದವರು.

ಚಾಚಾ ಗಾಡಿ ನಿಂತ ರೀತಿ ನೋಡಿಯೇ ನಕ್ಕ. “ಏನಪಾ, ನಿನ್ನ ಗಾಡಿ ಗೋಶಾದಾಗ ಕುಂತೈತಿ? ನಮ್ಮ ಮನಿ ಹೆಂಗಸರಿಗೂ ಇಷ್ಟೊಂದ ಪರದಾ ಇಲ್ಲೋ ಮಾರಾಯಾ.”

ಸಂದಿಗೆ ಇಳಿದು ಬಾಗಿಲು ನೋಡಿದ ಮೇಲೆ ನಗಲಿಲ್ಲ. “ತೌಬಾ. ಯಾರ್ದಿದು ಕೆಲಸ?”

ಅಪ್ಪ ಒಳಗಿನ ಕಡೆ ಕಣ್ಣು ತೋರಿಸಿದ. ಚಾಚಾ ಅಂಗಿಯ ತೋಳು ಮಡಚಿದ.

ಹೇಗೆ ಸರಿಪಡಿಸುವುದು ಎನ್ನುವ ಮಾತು ಶುರುವಾದದ್ದು ಅಲ್ಲಿ. ಅಪ್ಪನ ಮೊದಲ ಆಲೋಚನೆ, ಬಣ್ಣ ಹಚ್ಚಿಬಿಡುವುದು. ಪೇಟೆಯಲ್ಲಿ ಚಕ್ಕಡಿಗಳಿಗೆ ಹಚ್ಚುವ ಹಸಿರು ಬಣ್ಣ ಸಿಗುತ್ತಿತ್ತು. ಚಾಚಾ ಅದಕ್ಕೆ ಸ್ವಲ್ಪ ಕಪ್ಪು ಕೂಡಿಸಿ ಕಲಸಿ, ನೇರ ಬಾಗಿಲಿಗೆ ಹಚ್ಚದೆ, ಒಂದು ಡಬ್ಬಿಯ ಮುಚ್ಚಳಕ್ಕೆ ಹಚ್ಚಿ ಒಣಗಿಸಿದ. ಒಣಗಿದ ಮುಚ್ಚಳವನ್ನು ಬಾಗಿಲಿಗೆ ಆನಿಸಿ ಹಿಡಿದ. ನೆರಳಿನಲ್ಲಿ ಎರಡೂ ಒಂದೇ ಅನ್ನಿಸಿತು. ಅಪ್ಪನ ಮುಖ ಅರಳಿತು.

“ತಡಿ,” ಎಂದು ಚಾಚಾ ಮುಚ್ಚಳವನ್ನು ಬಿಸಿಲಿನ ಕಡೆಯ ಬಾಗಿಲಿಗೆ ಒಯ್ದ. ಬಿಸಿಲಿನಲ್ಲಿ ಗಾಡಿ ತೇಗದೆಲೆಯಾಗಿತ್ತು, ಮುಚ್ಚಳ ಕೆರೆಯ ಪಾಚಿಯಾಗಿತ್ತು.

“ಕಂಪನಿ ಡಬ್ಬೀನ ತಂದ್ರೂ ಇದಕ್ಕ ಕೂಡೂದಿಲ್ಲ,” ಎಂದ ಚಾಚಾ. “ಈ ಗಾಡಿ ಐದಾರ ವರ್ಷ ಬಿಸಲಾ ಕುಡದೈತಿ. ಮ್ಯಾಲ ಈಗ ಲಡಾಯಿ. ಪರದೇಶದ ಬಣ್ಣ ಹಡಗಿನ್ಯಾಗ ಬರೂದ ನಿಂತೈತಿ. ಬಣ್ಣಾ ಹಚ್ಚೂದು ಏನ ದೊಡ್ಡ ಮಾತಲ್ಲ, ಹಚ್ಚಿದ್ದು ಕಾಣಬಾರದು ಅನ್ನೂದ ದೊಡ್ಡ ಮಾತು.”

ಹುಬ್ಬಳ್ಳಿಗೋ ಬೆಳಗಾವಿಗೋ ಒಯ್ದು ಇಡೀ ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಸುವುದು ಇನ್ನೊಂದು ದಾರಿ. ಅದಕ್ಕೆ ದಿನಗಳು ಸಾಲದು, ಪೆಟ್ರೋಲೂ ಇಲ್ಲ. ಒಂದು ಬಾಗಿಲು ಹೊಸದು, ಮೂರು ಹಳೆಯವು ಎಂದರೆ ಕುರುಡನಿಗೂ ಕಾಣುತ್ತದೆ.

ಉಳಿದದ್ದು ಉಜ್ಜುವುದು. ಮೇಲಿನ ಕೆಟ್ಟ ಪದರನ್ನು ಉಜ್ಜಿ ತೆಗೆದರೆ ಕೆಳಗೆ ಒಳ್ಳೆಯ ಹಸಿರು ಇದ್ದೀತು. ಆದರೆ ಗೀರು ಎಷ್ಟು ಆಳ ಹೋಗಿದೆ ಎನ್ನುವುದು ಮೊದಲು ಗೊತ್ತಾಗಬೇಕು. ಉಗುರು ಅಡ್ಡ ಎಳೆದಾಗ ಗೀರಿಗೆ ಸಿಕ್ಕಿಕೊಳ್ಳದಿದ್ದರೆ ಅದು ಬರೀ ಮೇಲಿನದು, ಸಿಕ್ಕಿಕೊಂಡರೆ ಆಳದ್ದು ಎಂದು ಚಾಚಾ ಹೇಳಿದ. ಹೇಳಿ, ತನ್ನ ಉಗುರನ್ನು ನೋಡಿಕೊಂಡ. ಅಪ್ಪನದನ್ನೂ ನೋಡಿದ.

“ನಮ್ಮ ಉಗುರೆಲ್ಲಾ ಗ್ರೀಸ ತಿಂದೈತಿ. ಬೇಟಿ, ನೀ ಬಾ ಇಲ್ಲೆ. ಪೆನ್ನ ಹಿಡಿಯೂ ಕೈ ನಿಂದು.”

ನಾನು ಸಂದಿಗೆ ಇಳಿದು, ಕಣ್ಣು ಮುಚ್ಚಿಕೊಂಡು ಬಲಗೈಯ ಹೆಬ್ಬೆರಳಿನ ಉಗುರನ್ನು ಬಾಗಿಲಿನ ಮೇಲೆ ಮೆಲ್ಲಗೆ ಎಳೆದೆ. ಮೇಲಿನಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆಯನ್ನೂ ನಾನು ಅಷ್ಟು ಮೆಲ್ಲಗೆ ತಿರುವಿದವಳಲ್ಲ. ಉಗುರು ಜಾರುತ್ತಾ ಹೋಯಿತು. ಒಂದು ಕಡೆ ಟಕ್ ಎಂದು ಸಿಕ್ಕಿತು. ಸ್ವಲ್ಪ ಕೆಳಗೆ ಮತ್ತೆ ಟಕ್. ಹಿಡಿಕೆಯ ಹತ್ತಿರ ಇನ್ನೊಂದು. ಬೂದಿಯಲ್ಲಿ ಯಾವುದೋ ಹರಳು ಇದ್ದಿರಬೇಕು. ಉಳಿದದ್ದೆಲ್ಲ ಮೇಲಿನ ಗೀರು.

“ಮೂರು,” ಎಂದೆ.

“ಮೂರಽ ಮೂರು? ಹಂಗಿದ್ರ ಗಾಡಿ ಬದಕತೈತಿ,” ಎಂದ ಚಾಚಾ.

ಅವನ ಹತ್ತಿರ ಇಂಜಿನ್ನಿನ ವಾಲ್ವ್ ಉಜ್ಜುವ ಪೇಸ್ಟಿನ ಡಬ್ಬಿ ಇತ್ತು. ಅದನ್ನು ಹಚ್ಚಿದರೆ ಅರ್ಧ ಗಂಟೆಯ ಕೆಲಸ ಎಂದ. ಅಪ್ಪ ಆಗಲೇ ಬಟ್ಟೆ ತೆಗೆದುಕೊಂಡ. ನನಗೆ ಮುಚ್ಚಳದ ಪರೀಕ್ಷೆ ಕಣ್ಣಲ್ಲಿತ್ತು.

“ಚಾಚಾ, ಬಣ್ಣ ಮೊದಲ ಮುಚ್ಚಳಕ್ಕ ಹಚ್ಚಿ ನೋಡಿದ್ರಿ. ಇದನ್ನೂ ಎಲ್ಲೆರೆ ಕಾಣದ ಕಡೆ ನೋಡೂಣಲ್ಲ.”

“ಕಾಲೇಜ್ ಹುಡಿಗಿ ಇದ್ದದ್ದಕ್ಕ ಇಷ್ಟರೆ ಉಪಯೋಗ ಆತು,” ಎಂದು ಚಾಚಾ ಬಾಗಿಲು ತೆರೆದು, ತಿರುಗಣಿಯ ಹತ್ತಿರದ ಒಳ ಅಂಚಿಗೆ ಒಂದು ಚಿಟಿಕೆ ಪೇಸ್ಟು ಹಚ್ಚಿ ಉಜ್ಜಿದ. ಹತ್ತು ಸಲ ಕೈ ಆಡಿಸಿರಬೇಕು, ಅಷ್ಟೇ. ಹಸಿರು ಮಾಯವಾಗಿ ಬಣ್ಣದ ಅಡಿಗೆ ಬಳಿದ ಕೆಂಪು ಅಸ್ತರು ಹಸಿಗಾಯದ ಹಾಗೆ ಕಂಡಿತು. ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಕೆಳಗಿಟ್ಟ. ಆ ಕೆಂಪು ಬಾಗಿಲಿನ ನಡುವೆ ಕಾಣಿಸಿದ್ದರೆ ಅಪ್ಪನೂ ಮುಂಡಗೋಡದ ಚಕ್ಕಡಿಯ ದಾರಿ ಹಿಡಿಯುತ್ತಿದ್ದ.

ಕೊನೆಗೆ ನಿಂತದ್ದು ಸೀಮೆಸುಣ್ಣ, ಅಗಸೆಎಣ್ಣೆಯ ಮೇಲೆ. ಚಾಚಾನ ಉಸ್ತಾದನೊಬ್ಬ ಬೆಳಗಾವಿಯಲ್ಲಿ ದೊಡ್ಡವರ ಕುದುರೆ ಬಗ್ಗಿಗಳಿಗೆ ಹೀಗೆಯೇ ಹೊಳಪು ಕೊಡುತ್ತಿದ್ದನಂತೆ. ಸುಣ್ಣದ ಪುಡಿ ಹಿಟ್ಟಿಗಿಂತ ನುಣ್ಣಗಿರಬೇಕು, ಕೈ ಹಗುರ ಇರಬೇಕು, ಅವಸರ ಇರಬಾರದು. ಎರಡು ದಿನ ಹಿಡಿಯುತ್ತದೆ.

ಮರುದಿನ ಬನ್ನಿ ಹಬ್ಬ. ಬೆಳಿಗ್ಗೆ ಅಪ್ಪನೂ ಚಾಚಾನೂ ಸಂದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂತು ಉಜ್ಜಿದರು. ಇಬ್ಬರದೂ ನಟ್ಟು ಬಿಗಿಯುವ ಕೈ. ಚಾಚಾ ತಾನೇ ಹೇಳಿದ್ದನ್ನು ತಾನೇ ಮರೆತು ಭಾರ ಹಾಕುತ್ತಿದ್ದ. ಬಟ್ಟೆಯೆಲ್ಲ ಹಸಿರಾಯಿತು. ಬಣ್ಣವೇ ಕಿತ್ತುಬಂತೆಂದು ನಾನು ಹೆದರಿದೆ.

“ಅದು ಬಣ್ಣದ ಸತ್ತ ತೊಗಲು ಬೇಟಿ, ಹೋಗಲಿ ಬಿಡು,” ಎಂದ ಚಾಚಾ. ಆದರೆ ಅವನ ದನಿಯಲ್ಲೂ ಧೈರ್ಯ ಕಡಿಮೆಯಾಗಿತ್ತು.

ಅಷ್ಟರಲ್ಲಿ ಆಯಿ ಬಂದಳು. ಕೈಯಲ್ಲಿ ಮತ್ತೆ ಹುಣಸೆಹಣ್ಣಿನ ಬಟ್ಟಲು!

“ನಿನ್ನೆ ಅರ್ಧಕ್ಕ ಬಿಡಿಸಿದ್ರಿ. ಹಿಂದ ಸರೀರಿ, ಮುಗಸತೇನಿ.”

ಅಪ್ಪನೂ ನಾನೂ ಒಮ್ಮೆಲೇ ಎದ್ದು ನಿಂತೆವು. ಚಾಚಾ ಮಾತ್ರ ಅವಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ.

“ಅಮ್ಮಾ, ಕೂಸಿನ ನೆತ್ತಿಗೆ ಎಣ್ಣಿ ಹೆಂಗ ಒತ್ತತೀರಿ?”

“ಹೆಂಗ ಅಂದ್ರ? ನೆತ್ತಿ ಮೆತ್ತಗ ಇರತೈತಿ. ಕೈ ಹಚ್ಚೀನೋ ಇಲ್ಲೋ ಅನ್ನೂ ಹಂಗ. ನಿನಗ ಏನ ತಿಳೀತೈತಿ ಗಂಡಸಿಗೆ?”

“ಅದಕ್ಕಽ ಕೇಳಿದ್ನಿ. ಈ ಗಾಡಿ ನೆತ್ತಿನೂ ಮೆತ್ತಗೈತ್ರಿ. ಹುಣಸೀಹಣ್ಣ ಬ್ಯಾಡ, ಅದು ಹಂಡೇಕ ಇರಲಿ. ಈ ಎಣ್ಣಿ ತೊಗೋರಿ.”

ಆಯಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಕೂತಳು. ಮೊದಲು ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ “ಇದೇನ ರವಾ ಇದ್ದಂಗೈತಿ” ಎಂದು ಬೈದಳು. ತನ್ನ ಸವೆದ ಇಳಕಲ್ ಸೀರೆಯ ತುಂಡು ತರಿಸಿ ಅದರಲ್ಲಿ ಎರಡು ಸಲ ಸೋಸಿದಳು. ಇನ್ನೊಂದು ತುಂಡನ್ನು ಎಣ್ಣೆಯಲ್ಲಿ ಅದ್ದಿ, ಪುಡಿ ಹಚ್ಚಿ, ಮೂರು ಬೆರಳಿನಿಂದ ಸಣ್ಣ ಸಣ್ಣ ಸುತ್ತು ಹಾಕತೊಡಗಿದಳು. ಬಾಯಲ್ಲಿ ಅದೇನೋ ಕೂಸಿನ ಮುಂದೆ ಹೇಳುವಂಥ ಮಾತು. ಆ ಕೈ ನನ್ನ ತಲೆಯ ಮೇಲೆ ಆಡಿದ ಕೈ. ಅಪ್ಪನ ತಲೆಯ ಮೇಲೆ ಆಡಿದ ಕೈ. ಬನ್ನಿ ಕೊಡಲು ಬಂದವರನ್ನೆಲ್ಲ ಅಪ್ಪ ಅಂಗಳದ ಆಚೆಯೇ ತಡೆದು “ಬನ್ನಿ ತೊಗೊಂಡ ಬಂಗಾರಧಾಂಗ ಇರೂಣು” ಎಂದು ಅಲ್ಲಿಂದಲೇ ಕಳಿಸಿಕೊಟ್ಟ.

ಸಂಜೆಯ ಹೊತ್ತಿಗೆ ಬೂದುಬಣ್ಣ ಹೋಗಿ ಕೆಳಗಿನಿಂದ ಹಸಿರು ಎದ್ದು ಬಂತು. ಮೋಡ ಸರಿದ ಮೇಲೆ ಗುಡ್ಡ ಕಂಡ ಹಾಗೆ. ಆದರೆ ಹೊಸದೊಂದು ತೊಡಕು. ಆ ಎರಡು ಗೇಣು ಜಾಗ ಉಳಿದ ಬಾಗಿಲಿಗಿಂತ ಚಂದ ಹೊಳೆಯತೊಡಗಿತ್ತು! ಹಾಗಾಗಿ ಮೂರನೆಯ ದಿನ ಆಯಿ ಇಡೀ ಬಾಗಿಲಿಗೇ ಕೂತಳು. ಊಟಕ್ಕೂ ಕರೆದು ಎಬ್ಬಿಸಬೇಕಾಯಿತು.

ಆ ಮೂರು ಗೆರೆ ಮಾತ್ರ ಉಳಿದವು. ಕೂದಲಿನಷ್ಟು ತೆಳುವು. ಬೆಳಕು ಅಡ್ಡ ಬಿದ್ದರೆ ಕಾಣುತ್ತಿದ್ದವು. ಸಣ್ಣ ಕುಂಚದಿಂದ ಅವಕ್ಕಷ್ಟೇ ಬಣ್ಣ ತುಂಬಿಬಿಡಿ ಎಂದು ನಾನು ಚಾಚಾನಿಗೆ ದುಂಬಾಲು ಬಿದ್ದೆ.

“ಈಗ ಗೆರಿ ಅದಾವ. ಬಣ್ಣಾ ತುಂಬಿದ್ರ ಉಬ್ಬಿ ಮೂರ ಹಸರ ಹಾವ ಆಕ್ಕಾವ,” ಎಂದ ಚಾಚಾ. “ಆದ್ರ ಗಾಡಿ ನಿಮ್ಮಪ್ಪನ ಕೈಯಾಗಿಂದು. ಅವ ಹೇಳಿದಂಗ.”

ಅಪ್ಪ ಮೂರೂ ಗೆರೆಗಳ ಮೇಲೆ ಬೆರಳಾಡಿಸಿದ.

“ಇರ್ಲಿ,” ಎಂದ. “ಸಾವಕಾರ್ರಿಗೆ ನಾನಽ ತೋರಸತೇನಿ. ಅವರು ಗಾಡಿ ಹತ್ತೂಕಿಂತ ಮೊದಲ.”

ನಾನು ಅವನ ತೋಳು ಹಿಡಿದೆ. “ಅಪ್ಪಾ, ಅವರ ಕಣ್ಣಿಗೆ ಬಿದ್ರ ತಾನ ಪ್ರಶ್ನೆ? ಬಿದ್ರೂ ಟೊಂಗಿ ತಾಕಿತು ಅಂದ್ರಾತು.”

“ಟೊಂಗಿ ಅಂದವನ ಗತಿ ಏನಾತು ಗೊತ್ತೈತೆಲ್ಲ.”

“ಹಂಗಾದ್ರ ಏನ ಹೇಳ್ತಿ? ಆಯಿ ಹೆಸರ ಹೇಳ್ತಿಯೇನ?”

“ಯಾಕ ಹೇಳಲಿ? ನಮ್ಮ ಮನ್ಯಾಗ ಆತು ಅಂತೇನಿ. ಅದ ಖರೇ ಐತಲ್ಲ.”

“ಮತ್ತ ನನ್ನ ಕಾಲೇಜ?”

ಕೇಳಬಾರದಾಗಿತ್ತು. ಕೇಳಿಬಿಟ್ಟೆ. ಅಪ್ಪ ನನ್ನ ಕಡೆ ತಿರುಗಲಿಲ್ಲ. ಬಾಗಿಲಿನ ಮೇಲೆ ಕೈ ಆಡಿಸುತ್ತಲೇ ಇದ್ದ.

“ನಿನ್ನ ಕಾಲೇಜ ನನಗ ಹಗಲೆಲ್ಲಾ ನೆನಪೈತಿ. ಆದ್ರ ಒಬ್ಬರ ಮುಂದ ಅಂಜಿಕೊಂತ ಗಾಡಿ ಹೊಡಿಯೂದು ನನ್ನ ಕೈಲೆ ಆಗೂದಿಲ್ಲ. ಇಂದ ಇಲ್ಲಂದ್ರ ನಾಳೆ ಅವರಽ ನೋಡತಾರ. ನೋಡೂ ತನಕ ನಾ ದಿನಾ ಸಾಯಬೇಕಾಗತೈತಿ.”

ನಾನು ಓದಿದವಳು. ಅವನು ಕಷ್ಟಪಟ್ಟು ತನ್ನ ಸಹಿಯಷ್ಟನ್ನು ಕಲಿತವನು. ಆ ಸಂಜೆ ಸುಳ್ಳು ಹೇಳೋಣ ಎಂದವಳು ನಾನು. ಇದನ್ನು ಬರೆಯಲು ನನಗೆ ಈಗಲೂ ಹಿತವೆನಿಸುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಮರುದಿನ ಬೆಳಿಗ್ಗೆ ಅಳ್ನಾವರ. ಮಗಳನ್ನು ಮೋಟಾರಿನಲ್ಲಿ ಬಿಡುವ ಸಂಭ್ರಮವೆಲ್ಲ ಎಲ್ಲೋ ಬಿದ್ದುಹೋಗಿತ್ತು. ರೈಲು ಬಂತು. ಸಾವಕಾರ್ರು ಇಳಿದರು, ಅವರ ಮನೆಯವರು ಸಾಮಾನು ಎಣಿಸುತ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತರು. ಅಪ್ಪ ನನ್ನ ಟ್ರಂಕನ್ನು ಹೆಂಗಸರ ಡಬ್ಬಿಗೆ ಏರಿಸಿ, ಕಿಟಕಿಯೊಳಗಿಂದ ನನ್ನ ಕೈಯನ್ನೊಮ್ಮೆ ಮುಟ್ಟಿ ಹೋದ.

ಬೇಲಿಯ ಆಚೆ ಗಾಡಿ ನಿಂತಿತ್ತು. ಸಾವಕಾರ್ರು ಹಿಂದಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಅವರನ್ನು ತಡೆದು ಮುಂದಿನ ಬಾಗಿಲಿನ ಹತ್ತಿರ ಕರೆದದ್ದು ನನಗೆ ಕಿಟಕಿಯಿಂದ ಕಂಡಿತು. ಮಾತು ಕೇಳಿಸಲಿಲ್ಲ. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಸಾವಕಾರ್ರು ಚಷ್ಮಾ ತೆಗೆದು ಬಗ್ಗಿದರು. ಹೆಬ್ಬೆರಳಿನಿಂದ ಬಾಗಿಲನ್ನು ಒರೆಸಿದರು. ನೆಟ್ಟಗೆ ನಿಂತು ಅಪ್ಪನ ಮುಖ ನೋಡಿದರು. ಅಷ್ಟರಲ್ಲಿ ಗಾರ್ಡಿನ ಸೀಟಿ. ರೈಲು ಜಗ್ಗಿತು. ದಾಂಡೇಲಿಯಿಂದ ಬಂದ ದಿಮ್ಮಿಗಳನ್ನು ಹೊತ್ತ ವ್ಯಾಗನ್ನುಗಳ ಸಾಲೊಂದು ನಡುವೆ ಬಂದು ನನಗೆ ಮುಂದೆ ಏನೂ ಕಾಣದಂತೆ ಮಾಡಿತು.

ಧಾರವಾಡ ಮುಟ್ಟುವವರೆಗೆ ಅತ್ತೆ. ಡಬ್ಬಿಯಲ್ಲಿದ್ದ ಹೆಂಗಸೊಬ್ಬಳು, ನಾನು ಗಂಡನ ಮನೆಗೆ ಹೊರಟಿದ್ದೇನೆ ಎಂದುಕೊಂಡು, “ಎಲ್ಲಾರ ಹಣೇಬರ ಇಷ್ಟಽ ತಂಗಿ, ರೂಢಿ ಆಗತೈತಿ” ಎಂದು ಸಮಾಧಾನ ಮಾಡಿದಳು.

ಅಪ್ಪನ ಕಾರ್ಡು ಬರಲು ಹನ್ನೊಂದು ದಿನ ಹಿಡಿಯಿತು. ಆ ದಿನಗಳಲ್ಲಿ ಹಾಸ್ಟೆಲ್ಲಿನ ಮೇಲ್ವಿಚಾರಕಿ ನನ್ನ ಹೆಸರು ಕರೆದಾಗಲೆಲ್ಲ ಟ್ರಂಕು ಕಟ್ಟಲು ಹೇಳುತ್ತಾರೆ ಎಂದೇ ಎದ್ದು ಹೋಗುತ್ತಿದ್ದೆ. ಅಪ್ಪ ಹೇಳಿದ್ದನ್ನು ನಮ್ಮ ಓಣಿಯ ಮಾಸ್ತರು ಬರೆದಿದ್ದರು. ಮಾತು ಅಪ್ಪನದೇ.

“ಸಾವಕಾರ್ರು ಯಾರ ಮಾಡಿದ್ರು ಅಂತ ಕೇಳಿದ್ರು. ನಮ್ಮ ಮನ್ಯಾಗ ಆತ್ರಿ ಅಂದ್ನಿ. ಹಳಿಯಾಳ ಬರೂ ತನಕ ಪಿಟ್ಟ ಅನಲಿಲ್ಲ. ಇಳಿಯೂ ಮುಂದ, ಈ ಬಾಗಲಾ ಇಷ್ಟ್ಯಾಕ ಹೊಳೀತೈತಿ, ಉಳದ ಮೂರು ಯಾಕ ಹಿಂಗ ಸಪ್ಪಗ ಅದಾವ ಅಂದ್ರು. ಉಜ್ಜೇವ್ರಿ ಅಂದ್ನಿ. ಗೆರಿ ಕಾಣತಾವ, ಆದ್ರ ನೀ ಹೇಳದಿದ್ರ ನನಗ ಕಾಣತಿದ್ದಿಲ್ಲ ಅಂದ್ರು. ಉಳದ ಬಾಗಲಾನೂ ಹಂಗ ಮಾಡಸು ಅಂದಾರ. ಈಗ ನಿಮ್ಮ ಆಯಿ ದಿನಾ ಸಾವಕಾರ್ರ ಅಂಗಳದಾಗ ಕುಂಡರತಾಳ. ಅವರ ಮನಿಯವರು ಕೂಡಾಕ ಮಣಿ ಕೊಟ್ಟ ಚಹಾ ಕೊಡತಾರ. ಆಕಿ ಜಂಬ ಹೇಳತೀರದು. ನೀ ಅಂಜದ ಓದು.”

ಕಾರ್ಡನ್ನು ನಾನು ಎಷ್ಟು ಸಲ ಓದಿದೆನೋ. ಕೊನೆಯ ಸಾಲನ್ನು ಇನ್ನೂ ಹೆಚ್ಚು ಸಲ.

ಬಾಗಿಲು ಕೆಟ್ಟದ್ದು ಅವಳ ಕೈಯಿಂದಲೇ ಎಂದು ಆಯಿಗೆ ನಾವು ಯಾವತ್ತೂ ಹೇಳಲಿಲ್ಲ. ಮೋಟಾರಿಗೆ ಹೊಳಪು ತರಬಲ್ಲವಳು ತಾನೊಬ್ಬಳೇ ಎಂದು ಅವಳು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಚಾಚಾ ಎದುರಿಗೆ ಸಿಕ್ಕರೆ “ಹೌದ್ರಿ ಅಮ್ಮಾ, ನಾವೆಲ್ಲಾ ಬರೇ ಹೆಸರಿಗೆ ಮಿಸ್ತ್ರಿ” ಎನ್ನುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ನಾನು ಪಾಸಾದೆ. ನಮ್ಮ ಓಣಿಯಲ್ಲಿ ಗಂಡು ಹೆಣ್ಣು ಸೇರಿ ಬಿ.ಎ. ಆದವಳು ನಾನೊಬ್ಬಳೇ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಕಾಲೇಜು ಆಗ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಪದವಿ ಕೊಡುವ ಸಮಾರಂಭ ಅಲ್ಲಿತ್ತು, ಅಷ್ಟು ದೂರ ಹೋಗಲಾಗಲಿಲ್ಲ. ಸರ್ಟಿಫಿಕೇಟು ಮುಂಬೈಯಿಂದ ಧಾರವಾಡದ ಕಾಲೇಜಿಗೆ ಬಂತು. ಕಚೇರಿಯ ಗುಮಾಸ್ತರು ರಿಜಿಸ್ಟರಿನಲ್ಲಿ ನನ್ನ ಸಹಿ ತೆಗೆದುಕೊಂಡು ಅದನ್ನು ಸುರುಳಿ ಮಾಡಿ ಕೈಗೆ ಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದೆ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಕೈ ತೊಳೆದುಕೊಂಡು ಬಂದು, ಸರ್ಟಿಫಿಕೇಟನ್ನು ಎರಡೂ ಅಂಗೈಯ ಮೇಲೆ ಇಸಿದುಕೊಂಡ. ರಸ್ತೆಯ ಬೋರ್ಡು, ಗಾಡಿಯ ನಂಬರು ನೋಡಿ ನೋಡಿ ಅವನಿಗೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಬೆರಳು ಇಟ್ಟುಕೊಂಡು ಮೆಲ್ಲಗೆ ಕೂಡಿಸಿದ. ನಮ್ಮ ಕಡೆಯ ಪದ್ಧತಿಯಂತೆ ಮೊದಲು ನನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು. ನಡುವಿನ ಹೆಸರಿಗೆ ಬಂದಾಗ ಅವನ ಬೆರಳು ನಿಂತುಬಿಟ್ಟಿತು.

“ಇದು ನನ್ನ ಹೆಸರಲ್ಲ?” ಎಂದ.

“ಹೌದು. ಮುಂಬೈಯಾಗ ಬರದ ಕಳಿಸ್ಯಾರ.”

ಅವನು ಅದನ್ನು ಹಾಗೆಯೇ ಪಕ್ಕದಲ್ಲಿದ್ದ ತಾಯಿಯ ಕೈಗೆ ಕೊಟ್ಟ. ಆಯಿ ಅದನ್ನು ಬೆಳಕಿಗೆ ಹಿಡಿದಳು. ಅವಳ ಪಾಲಿಗೆ ಅದು ಬರೀ ಕಪ್ಪು ಇರುವೆಗಳ ಸಾಲು.

“ಎಲ್ಲೈತಿ ಇವನ ಹೆಸರ? ನನ್ನ ಬೆರಳ ಹಿಡದ ತೋರಸು.”

ನಾನು ಅವಳ ಬೆರಳು ಹಿಡಿದು ಆ ಹೆಸರಿನ ಮೇಲೆ ಇಟ್ಟೆ. ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಆಮೇಲೆ ಮಗನನ್ನು ನೋಡಿದಳು, ನನ್ನನ್ನು ನೋಡಿದಳು.

“ನಾ ಅಳ್ನಾವರಾ ದಾಟಿದಾಕೀನ ಅಲ್ಲ,” ಎಂದಳು. “ನನ್ನ ಮಗನ ಹೆಸರನ್ನ ಮುಂಬೈತನಕಾ ಒಯ್ದ ತಂದಿ ನೋಡ ನನ್ನವ್ವಾ.”